ಹರಿಯದ ಲಾವಾ ಕೇಕು

ಸ್ನೇಹಿತರೇ, ನನಗೆ ಇನ್ನೂ ನಂಬಲಾಗುತ್ತಿಲ್ಲ! ಇವತ್ತು ನನ್ನ ಹುಟ್ಟುಹಬ್ಬ. ತಾಳ್ಯದಿಂದ ಬಂದಿದ್ದ ಅತ್ತೆಯನ್ನು ಚಿತ್ರದುರ್ಗದ ಹೊಸ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದೆ. ಮೆನುವಿನಲ್ಲಿ ಚಾಕೊಲೇಟ್ ಲಾವಾ ಕೇಕಿನ ಫೋಟೋ ಇತ್ತು. ಕತ್ತರಿಸಿದ ಕಡೆಯಿಂದ ಬಿಸಿ ಚಾಕೊಲೇಟ್ ತಟ್ಟೆ ತುಂಬಾ ಹರಿದಿತ್ತು. ಅದನ್ನೇ ತರಿಸಿದೆ.

"ಈಗ ನೋಡ್ರಿ ಅತ್ತೆ" ಎಂದು ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಚಮಚ ಇಳಿಸಿದೆ. ಇಳಿಯಲಿಲ್ಲ. ಜೋರಾಗಿ ಒತ್ತಿದೆ. ಕೇಕು ತಟ್ಟೆಯಿಂದ ಜಿಗಿದು ಅತ್ತೆಯ ಮಡಿಲಿಗೆ ಬಿತ್ತು, ಒಂದು ಚೂರೂ ಒಡೆಯದೆ!

ಅಡುಗೆಯವರನ್ನೇ ಕರೆಸಿದೆ. "ಒಳಗಿಂದ ಚಾಕೊಲೇಟ್ ಹರೀಬೇಕಿತ್ತಲ್ರೀ?"

ಅವರಿಗೆ ನನಗಿಂತ ಹೆಚ್ಚು ಗಾಬರಿ. "ಮೊದ್ಲು ಹಂಗೇ ಹರೀತಿತ್ತು ಮೇಡಂ. ಒಳಗೆಲ್ಲ ಹಸಿ! ಹಸೀದು ಹೆಂಗ್ ಕೊಡೋದು? ಅದಕ್ಕೇ ಇನ್ನೊಂದ್ ಸಲ ಬೇಯಿಸ್ದೆ. ಒದ್ದೆ ಬೆರಳಲ್ಲಿ ಮುಟ್ಟಿ ನೋಡೀನಿ, ಅಂಟಲ್ಲ."

ರಾಗಿ ಮುದ್ದೆ ಬೆಂದಿದೆಯೇ ಎಂದು ನೋಡುವ ಪರೀಕ್ಷೆ, ನನ್ನ ಹುಟ್ಟುಹಬ್ಬದ ಕೇಕಿಗೆ!

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೇಕನ್ನು ತಟ್ಟೆಗಿಟ್ಟು, ನೀರಿನಲ್ಲಿ ಬೆರಳದ್ದಿ ತಾವೂ ಮುಟ್ಟಿ ನೋಡಿದರು. "ಚೆನ್ನಾಗಿ ಬೆಂದೈತಲ್ಲಪ್ಪ. ಬಿಸಿ ಸಾರು ಐತಾ?"

ಸಾರು ಬಂತು. ಅತ್ತೆ ಕೇಕಿನ ಮೇಲೆ ಸುರಿದರು. ಫೋಟೋದಲ್ಲಿದ್ದಂತೆಯೇ ತಟ್ಟೆ ತುಂಬಾ ಹರಿಯಿತು.