ಶಾಸಕರ ಮನೆಯ ಕೀಲಿ ನನ್ನ ಹತ್ತಿರವಿದೆ

ಹೋದ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ನಾನು ಲುಂಗಿ ಉಟ್ಟುಕೊಂಡು ಶಾಸಕರ ಮನೆಯ ತುಳಸಿಗೆ ನೀರು ಹಾಕುತ್ತಿದ್ದೆ.

ಗಾಬರಿಯಾಗಬೇಡಿ. ನಾನಿನ್ನೂ ಪತ್ರಕರ್ತನೇ. ಶಾಸಕರ ಮನೆ ನಮ್ಮ ಮನೆಯ ಎದುರಿಗಿದೆ. ಶಾಸಕರು ಬೆಂಗಳೂರಿನಲ್ಲಿದ್ದಾರೆ. ಕೀಲಿ ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿದೆ. ಬೆಳಿಗ್ಗೆ ತುಳಸಿಗೆ ನೀರು, ಸಂಜೆ ಹೊರಗಿನ ಲೈಟು. ಲೈಟು ಉರಿದರೆ ಸಾಹೇಬರು ಇದ್ದಾರೆ ಎಂದು ಜನ ತಿಳಿಯುತ್ತಾರೆ. (ಯಾವ ಕ್ಷೇತ್ರ ಎಂದು ಕೇಳಬೇಡಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆ ನನಗೆ ಬೀಗರಿದ್ದಾರೆ. ಇನ್ನೂ ಬದುಕಬೇಕು.)

ಕೀಲಿ ನನಗೆ ಹೇಗೆ ಬಂತು? ಹೋಳಿಗೆ ತಿಂದು ಬಂತು. ಕ್ಷೇತ್ರದಲ್ಲಿ ಇವರಿಗೆ ಮನೆಯೇ ಇಲ್ಲ ಎಂದು ವಿರೋಧಿಗಳು ಕೂಗಾಡಿದಾಗ ಶಾಸಕರು ಈ ಮನೆ ಬಾಡಿಗೆಗೆ ಹಿಡಿದರು. ಗೃಹಪ್ರವೇಶಕ್ಕೆ ಪತ್ರಕರ್ತರಿಗೆಲ್ಲ ಹೋಳಿಗೆ, ತುಪ್ಪ, ಒಂದೊಂದು ಶಾಲು. ಮರುದಿನ ನನ್ನ ಹೆಸರಿನಲ್ಲೇ ಸುದ್ದಿ: ‘ಶಾಸಕರು ಇನ್ನು ಇಲ್ಲೇ ವಾಸ, ಪ್ರತಿದಿನ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಜನರಿಗೆ ಲಭ್ಯ’. ವಾರದೊಳಗೆ ಅವರು ಬೆಂಗಳೂರಿಗೆ, ಕೀಲಿ ಎದುರು ಮನೆಯ ನನ್ನ ಕೈಗೆ. ಸುದ್ದಿ ಬರೆಯುವಾಗ ನನಗೇನು ಗೊತ್ತಿತ್ತು? (ಗೊತ್ತಿತ್ತು.)

ಗೇಟಿನ ಹತ್ತಿರ ಒಬ್ಬ ಅಜ್ಜಿ ನಿಂತಿದ್ದಳು. ಹೆಸರು ಇಮಾಂಬಿ.

“ಸಾಹೇಬ್ರು ಅದಾರೇನ್ರಿ?”

“ಮೀಟಿಂಗಿಗೆ ಹೋಗ್ಯಾರ” ಎಂದೆ. ಅದು ಅವರ ಪಿ.ಎ. ಹೇಳುವ ಮಾತು. ನನ್ನ ಬಾಯಿಗೆ ಹೇಗೆ ಬಂತೋ!

“ಇದು ನಾಕನೇ ಸಲ ಬಂದೀನ್ರಿ. ಎಂಟಕ್ಕ ಸಿಗ್ತಾರ ಅಂತ ಬರದಾರಲ್ರಿ” ಎಂದು ಪ್ಲಾಸ್ಟಿಕ್ ಕವರಿನಿಂದ ಒಂದು ಪೇಪರ್ ತುಂಡು ತೆಗೆದಳು. ನನ್ನದೇ ಸುದ್ದಿ. “ನನಗ ಓದಾಕ ಬರಂಗಿಲ್ರಿ. ಮೊಮ್ಮಗಳು ಓದಿ ಹೇಳ್ಯಾಳ. ಪೇಪರ್‌ದಾಗ ಬಂದದ್ದು ಸುಳ್ಳಿರಂಗಿಲ್ಲ ಅಂತಾಳ ಅಕಿ.”

ಆ ಮೊಮ್ಮಗಳಿಗೆ ಕೊಪ್ಪಳದಲ್ಲಿ ಕಾಲೇಜು ಸಿಕ್ಕಿದೆ, ಹಾಸ್ಟೆಲ್ ಸಿಕ್ಕಿಲ್ಲ. ಶಾಸಕರ ಪತ್ರವಿದ್ದರೆ ಕೆಲಸ ಆಗುತ್ತದೆ ಎಂದು ಯಾರೋ ಹೇಳಿದ್ದಾರೆ. ಅವತ್ತೇ ಕೊನೆಯ ದಿನ. “ಹಾಸ್ಟೆಲ್ ಇಲ್ಲಂದ್ರ ಕಾಲೇಜ ಬ್ಯಾಡ ಅಂತಾನ್ರಿ ಅವರಪ್ಪ” ಎಂದಳು ಅಜ್ಜಿ.

ಶಾಸಕರಿಗೆ ಫೋನ್ ಹಚ್ಚಿದೆ. ಅಜ್ಜಿಗೆ ಕಿವಿ ಮಂದ, ಸ್ಪೀಕರ್ ಹಾಕಿದೆ. “ಎಲ್ಲಿದ್ದೀರಿ ಸರ್?”

ಪತ್ರಕರ್ತ ಹೀಗೆ ಕೇಳಿದರೆ ಶಾಸಕರ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. “ಎಲ್ಲಿ ಅಂದ್ರ? ಕ್ಷೇತ್ರದಾಗ, ನಮ್ಮ ಮನ್ಯಾಗ ಅದೀನ್ರಿ. ಜನ ಬಂದು ಕುಂತಾರ, ಆಮ್ಯಾಲೆ ಮಾತಾಡ್ತೀನಿ.” ಕಟ್.

ಅವರ ಅಂಗಳದಲ್ಲಿ ಚೊಂಬು ಹಿಡಿದು ನಿಂತಿದ್ದವನು ನಾನು. ಬಂದ ಜನ ಎಂದರೆ ಇಮಾಂಬಿ.

ಅಜ್ಜಿ ಬಾಗಿಲ ಬೀಗ ನೋಡಿದಳು. ನನ್ನನ್ನು ನೋಡಿದಳು. “ಹಂಗಾರ ಇದು ಯಾರ ಮನಿರಿ?”

ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಬೀಗ ತೆಗೆದೆ. ಟೇಬಲ್ ಡ್ರಾದಲ್ಲಿ ಶಾಸಕರ ಲೆಟರ್‌ಹೆಡ್ ಕಟ್ಟು, ಪ್ರತಿ ಹಾಳೆಯ ಕೆಳಗೆ ಮೊದಲೇ ಮಾಡಿದ ಸಹಿ. ಅವಸರಕ್ಕಿರಲಿ ಎಂದು ಪಿ.ಎ. ಇಟ್ಟದ್ದು. ಅವರ ಹೇಳಿಕೆಗಳನ್ನೆಲ್ಲ ಇಷ್ಟು ವರ್ಷ ನಾನೇ ಬರೆದಿಲ್ಲವೇ? ಈ ಪತ್ರವನ್ನೂ ಬರೆದೆ. ತಪ್ಪು ಎಂದು ಗೊತ್ತು. ಆದರೆ ನಾನು ಅವರ ಹೆಸರಿನಲ್ಲಿ ಬರೆದದ್ದರಲ್ಲಿ ಒಬ್ಬರಿಗಾದರೂ ಉಪಯೋಗವಾಗಬಹುದಾದದ್ದು ಇದೊಂದೇ.

“ಈ ಸುದ್ದಿ ಬರದಾಂವ ನಿಮಗ ಗುರ್ತೇನ್ರಿ?” ಹೊರಡುವಾಗ ಅಜ್ಜಿ ಕೇಳಿದಳು.

“ನಾನೇ ಅಜ್ಜಿ.”

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಛಲೋ ಇತ್ತು. ಪೇಪರ್ ತುಂಡು ಮಡಚಿ ಕವರಿಗೆ ಹಾಕಿದಳು. ವಾಪಸು ಕೊಡು ಎಂದೆ. “ಮೊಮ್ಮಗಳದ್ರಿ ಅದು” ಎಂದಳು. ಸೀಟಿನ ವಿಷಯ ತಿಳಿಸಲಿ ಎಂದು ನನ್ನ ನಂಬರ್ ಬರೆದುಕೊಟ್ಟೆ.

ಮನೆಗೆ ಬಂದರೆ ಹೆಂಡತಿ ಎಲ್ಲ ಕಿಟಕಿಯಿಂದ ನೋಡಿದ್ದಳು. “ಸುದ್ದಿ ಬರಿಯೋರು ನೀವ, ಲೈಟ್ ಹಚ್ಚೋರು ನೀವ, ಪತ್ರ ಕೊಡೋರು ನೀವ. ಮುಂದಿನ ಸಲ ಎಲೆಕ್ಷನ್‌ಗೂ ನೀವ ನಿಂದರ್ರಿ!”

ಸಂಜೆ ಲೈಟು ಹಾಕಲು ಹೋದೆನೇ? ಹೋದೆ. (ಹೋಳಿಗೆಯ ಋಣ.)

ನಿನ್ನೆ ಆ ಮೊಮ್ಮಗಳ ಫೋನ್ ಬಂತು. “ಸರ್, ಹಾಸ್ಟೆಲ್ ಸಿಕ್ತ್ರಿ.” ನನಗೆ ನಿಜಕ್ಕೂ ಖುಷಿಯಾಯಿತು. ಹುಡುಗಿ ಮಾತ್ರ ಫೋನ್ ಇಡಲಿಲ್ಲ.

“ಅಜ್ಜಿ ಎಲ್ಲಾ ಹೇಳ್ಯಾಳ್ರಿ. ನೀವು ಬರದ ಆ ಪೇಪರ್ ತುಂಡು ಇನ್ನ ಇಟ್ಕೊಳ್ಲೇನ್ರಿ ಸರ್, ಒಲಿಗೆ ಹಾಕ್ಲೇನ್ರಿ?”