ಶನಿವಾರ ದುಂಡಗೆ ಕೂರುವವರು

ಕೆಲವು ನೆಂಟರ ಕುಶಲಪ್ರಶ್ನೆಗೆ ಉತ್ತರಿಸುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದು ಸುಖ. ನನ್ನ ತಂಗಿಯ ಗಂಡ ಶ್ರೀಪತಿ ಭಾವ ಅಂಥ ನೆಂಟ.

ನನ್ನ ಮಗಳು ಮಾನಸ ಪಿಯುಸಿ ಓದುವವಳು. ಹೋದ ವರ್ಷ ಮೊಬೈಲಿನೊಳಗೆ ಇಳಿದವಳು ಮೇಲೆ ಬರಲೇ ಇಲ್ಲ. ಊಟ ಬಿಟ್ಟಳು, ಕಾಲೇಜು ಬಿಟ್ಟಳು. ಫೋನ್ ಕಿತ್ತುಕೊಂಡ ದಿನ ಗೋಡೆಗೆ ಹಣೆ ಚಚ್ಚಿಕೊಂಡಳು. ಡಾಕ್ಟರು ಕೊಪ್ಪದ ಆಪ್ತಸಲಹೆಗಾರ್ತಿಯೊಬ್ಬರ ಹತ್ತಿರ ಕಳಿಸಿದರು. ಅಲ್ಲಿ ಶನಿವಾರ ಇಂಥದ್ದೇ ತೊಂದರೆಯ ಮಕ್ಕಳೆಲ್ಲ ದುಂಡಗೆ ಕೂತು ಮಾತಾಡುತ್ತಾರೆ. ಒಳಗೆ ನನ್ನನ್ನೇ ಬೈಯುತ್ತಿರಬಹುದೆಂದು ನಾನು ಹೊರಗೆ ಕಾರಿನಲ್ಲಿ ಬೆವರುತ್ತೇನೆ.

ಒಂದು ದಿನ ನಮ್ಮೂರು ಜಯಪುರಕ್ಕೆ ಮರಳುವಾಗ, "ಅಪ್ಪ, ಫೋನ್ ಆಫ್ ಆದ್ರೆ ಎದೆ ಹೊಡ್ಕೊಳ್ಳೋದು ನಂಗೊಬ್ಬಳಿಗೇ ಅಂದ್ಕೊಂಡಿದ್ದೆ. ಅಲ್ಲಿ ಎಲ್ರಿಗೂ ಹಂಗೇ ಅಂತೆ," ಎಂದಳು. ಆಮೇಲೆ, "ಹಸಿವು," ಎಂದಳು. ಹೋಟೆಲಿನ ಮುಂದೆ ನಿಲ್ಲಿಸುವಾಗ ಬ್ರೇಕು ಯಾವುದು, ಕ್ಲಚ್ಚು ಯಾವುದು ನನಗೆ ತಿಳಿಯಲಿಲ್ಲ.

ಈ ಶನಿವಾರದ ಕೂಟಕ್ಕೆ ಭಾವ ಇಟ್ಟ ಹೆಸರು 'ಹುಚ್ಚು ಬಿಡಿಸುವ ಕ್ಲಾಸು'. "ಎರಡು ಬಿಗಿದ್ರೆ ಸರಿಯಾಗ್ತದೆ ಮಾರಾಯ," ಎಂಬ ಚಿಕಿತ್ಸೆ ಬೇರೆ. ನಮ್ಮ ಮಾತಿನ ನ್ಯಾಯವಾದರೂ ಎಂಥದು! ಭಾವ ಬೆಳಗಿನಿಂದ ಹೊಗೆಸೊಪ್ಪು ಜಗಿದರೆ ಅದು ಅಭ್ಯಾಸ. ನಾನು ದಿನಕ್ಕೆ ಹತ್ತು ಸಲ ಕಾಫಿ ಕುಡಿದರೆ ಅದು ರಸಿಕತೆ. ಹುಡುಗಿಯದು ಮಾತ್ರ ಹುಚ್ಚು. ಅವಳು ಕಾಲು ಮುರಿದುಕೊಂಡಿದ್ದರೆ ಇದೇ ಜನ ಬಾಳೆಹಣ್ಣು ಹಿಡಿದು ನೋಡಲು ಬರುತ್ತಿದ್ದರು.

ಮೊನ್ನೆ ಅಡ್ಡಗದ್ದೆಯಲ್ಲಿ ನೆಂಟರ ನಿಶ್ಚಿತಾರ್ಥ. ಊಟದ ಪಂಕ್ತಿಯಲ್ಲಿ ಭಾವ ಎಲ್ಲರಿಗೂ ಕೇಳುವಂತೆ, "ಎಂತ ಕೂಸೇ, ಹುಚ್ಚು ಬಿಡ್ತಾ?" ಎಂದ. ಪಾಯಸದ ಸೌಟು ಗಾಳಿಯಲ್ಲೇ ನಿಂತಿತು. ನಾನು ಎಲೆ ಬಿಟ್ಟು ಏಳುವಷ್ಟರಲ್ಲಿ ಮಾನಸಳೇ ಹೇಳಿದಳು: "ಪೂರ್ತಿ ಬಿಟ್ಟಿಲ್ಲ ಮಾವ, ಕಮ್ಮಿ ಆಗ್ತಿದೆ. ಅಲ್ಲಿ ಯಾರೂ ನಗಲ್ಲ, ಅದ್ಕೆ."

ಕೈ ತೊಳೆಯುವಲ್ಲಿ ತಂಗಿ ತನ್ನ ಮಗಳ ಸುದ್ದಿ ಎತ್ತಿ ಪಿಸುಗುಟ್ಟಿದಳು. "ಅಣ್ಣಾ, ನಮ್ಮ ಸುಮಾನೂ ಹಂಗೇ ಆಗಿದಾಳೆ. ರೂಮಿನ ಬಾಗಿಲೇ ತೆಗೆಯಲ್ಲ. ಇವರು ಬೈದೂ ಬೈದೂ ಸೋತಿದಾರೆ. ಅಲ್ಲಿ ಸೇರಿಸ್ಕೊಳ್ತಾರಾ?"

'ಹೋಗಿ ನಿನ್ನ ಗಂಡನನ್ನು ಕೇಳು' ಎಂಬ ಮಾತು ತುಟಿಯವರೆಗೆ ಬಂತು. ಪಕ್ಕದಲ್ಲೇ ಕೈ ತೊಳೆಯುತ್ತಿದ್ದ ಮಾನಸ ಅದಕ್ಕೆ ಮುಂಚೆ ಮಾತಾಡಿದಳು: "ಶನಿವಾರ ನಮ್ಮ ಕಾರಲ್ಲೇ ಬರ್ಲಿ ಅತ್ತೆ. ಮೊದಲ ದಿನ ಮಾತಾಡ್ಲೇಬೇಕು ಅಂತಿಲ್ಲ."

ಶನಿವಾರ ಸುಮಾಳನ್ನು ಕಾರು ಹತ್ತಿಸಲು ಬಂದ ಭಾವ ಬಾಗಿಲು ಹಿಡಿದು ನಿಂತೇ ಇದ್ದ. ವಾರವಿಡೀ ಮಸೆದಿಟ್ಟ ಬೈಗುಳವೆಲ್ಲ ನನ್ನ ನಾಲಿಗೆಯ ಮೇಲಿತ್ತು.

"ನೀನೂ ಹತ್ತು ಭಾವ," ಎಂದೆ.

ಸಿಟ್ಟು ಇನ್ನೂ ಹೋಗಿಲ್ಲ. ಸ್ವಲ್ಪ ಸರಿದು, ಅವನಿಗೂ ಕೂರಲು ಜಾಗ ಕೊಟ್ಟಿದೆ, ಅಷ್ಟೆ.