ಅಪ್ಪನ ಕಾರಿನ ಮಡ್‌ಗಾರ್ಡ್

ಮೊಮ್ಮಗನ ಕಾರಿಗೆ ಹಳೆಯ ಬಾಗಿಲು ಕೊಳ್ಳಲು ಮೊನ್ನೆ ಗುಜರಿ ಅಂಗಡಿಗೆ ಹೋದೆ. ಬಣ್ಣದ ವಾಸನೆಗೆ ಅಪ್ಪ ನೆನಪಾದ.

ಅವನು ಹುಬ್ಬಳ್ಳಿ-ಧಾರವಾಡದ ನಡುವೆ ಬಾಡಿಗೆ ಕಾರು ಓಡಿಸುತ್ತಿದ್ದ. ಎತ್ತಿನ ಗಾಡಿ ತಾಗಿ ಮಡ್‌ಗಾರ್ಡ್ ಹರಿದಿತ್ತು. ಕೆಸರು ಸಿಡಿಯುವ ಕಾರನ್ನು ಯಾರೂ ಹತ್ತುತ್ತಿರಲಿಲ್ಲ. ಯುದ್ಧದ ಕಾಲ, ಹೊಸದು ಸಿಗುತ್ತಿರಲಿಲ್ಲ.

ಆಗ ಶಾಲೆಗೆ ಹೋಗುತ್ತಿದ್ದ ನನ್ನನ್ನೂ ಅಪ್ಪ ಗುಜರಿ ಅಂಗಡಿಗೆ ಕರೆದೊಯ್ದ. ಅಂಗಡಿಯ ಕಾಕಾ ಮಿಂಚುವ ಹಳೆಯದೊಂದನ್ನು ತಂದಿಟ್ಟ. ಗಡಿಗೆ ಕೊಳ್ಳುವಾಗ ಅವ್ವ ಬಡಿಯುವಂತೆ ನಾನೂ ಬೆರಳು ಮಡಚಿ ಬಡಿದೆ. ಅಂಚು ಠಣ್ ಎಂದಿತು, ನಡುವೆ ದಬ್.

“ಏ ಹುಡುಗಿ, ಗಡಿಗಿ ಅಲ್ಲ ಅದು, ಕೈ ತಗಿ!”

“ಗಡಿಗಿಯಾಗ ಇಷ್ಟು ಮೋಸ ಇರೂದಿಲ್ಲ ಕಾಕಾ. ಮೇಣ ತುಂಬಿ ಬಣ್ಣ ಬಳದೀರಿ!” ಎಂದು ತಲೆಪಿನ್ನಿನಿಂದ ಕೆರೆದೆ. ಮೇಣ ಉದುರಿ ತೂತು ಕಂಡಿತು. ಅಪ್ಪ ಬೈಯಲಿಲ್ಲ. “ಬ್ಯಾರೇದು ತಗೀರಿ, ಆಕಿ ಬಡದು ನೋಡ್ಲಿ” ಎಂದ.

ಮೊನ್ನೆಯೂ ಬಾಗಿಲು ಬಡಿದೆ. ದಬ್ ಎಂದಿತು. ಅಂಗಡಿಯವ ನಕ್ಕ: “ಅಜ್ಜಿ, ನಿಮಗೇನ್ ತಿಳಿತೈತಿ?”

“ಸಾಲಿ ಬಿಟ್ಟೇನಿ, ಬಡಿಯೂದು ಬಿಟ್ಟಿಲ್ಲ. ಬ್ಯಾರೇದು ತೋರ್ಸು!”